ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್ ಬಾಸ್: ಕೆಂಬೇರಿ ಹಿಡಿದವನಿಗೆ ಸಿಗುತ್ತದಾ?

ಕಲ್ಯಾಣಪುರ ಮಾಷ್ಟ್ರು (ಮೇ 17)

ಎಲ್ಲರಿಗೂ ನಮಸ್ಕಾರ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ ಈಗ ಮನೆಯಲ್ಲಿದ್ದೇನೆ. ಗಾಳ ಹಾಕುವ ಚಟ ಮಾತ್ರ ಹತ್ತನೇ ವಯಸ್ಸಿನಿಂದ ಉಂಟು. ನನ್ನದು ಸ್ವರ್ಣಾ ನದಿ, ಹೆಚ್ಚಾಗಿ ಕೆಮ್ಮಣ್ಣು ಕಡೆಯ ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ಸುತ್ತ. ಕಾಣೆ, ಇರ್ಪೆ ಮೀನು, ವರ್ಷಕ್ಕೆ ಎರಡೋ ಮೂರೋ ಒಳ್ಳೆಯ ಕೆಂಬೇರಿ (ರೆಡ್ ಸ್ನ್ಯಾಪರ್ ಜಾತಿಯ ಮೀನು). ಜೀವಂತ ಸಿಗಡಿ ಕಟ್ಟಿ ಸೇತುವೆಯ ಕಂಬದ ಬುಡಕ್ಕೆ ಬಿಟ್ಟು ಕಾಯುವುದು ನನ್ನ ಕ್ರಮ. ನೀರು ಏರಲು ಶುರುವಾದಾಗ ಹೋಗುತ್ತೇನೆ, ಸಮುದ್ರದ ಭರತ ತುಂಬಿ ನಿಂತ ಮೇಲೆ ಎದ್ದು ಬರುತ್ತೇನೆ.

ಜೂನ್ ಎರಡನೇ ವಾರ ಮಗನ ಮನೆಗೆ ಹೋಗಲಿಕ್ಕುಂಟು, ಮೂರು ತಿಂಗಳಿಗೆ. ಅವನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಹ್ಯಾರಿಸ್‌ಬರ್ಗ್ ಎಂಬ ಊರು. ಹೋದ ಸಲ ಚಳಿಯಲ್ಲಿ ಹೋಗಿ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತದ್ದೇ ಬಂತು. ಮನೆಯಿಂದ ಹತ್ತು ನಿಮಿಷಕ್ಕೆ ಸಸ್ಕ್ವೆಹಾನಾ ನದಿ. ಅದರಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಇದೆಯಂತೆ, ಅದಕ್ಕೆ ದೂರ ದೂರದಿಂದ ಜನ ಬರುತ್ತಾರಂತೆ.

ಅಲ್ಲಿ ಗಾಳ ಹಾಕಿದವರು ಯಾರಾದರೂ ಇದ್ದೀರಾ? ಸಿಗಡಿ ನಡೆಯುತ್ತದಾ? ಅಲ್ಲಿ ಭರತ ಇಳಿತ ಯಾವ ಹೊತ್ತಿಗೆ? ನನ್ನ 40 ಪೌಂಡಿನ ದಾರ ಕೊಂಡುಹೋಗಲಾ? ಇನ್ನೊಂದು ಪ್ರಶ್ನೆ ನನ್ನ ಹೆಂಡತಿಯದ್ದು: ಅದರ ಗಸಿ (ದಪ್ಪ ಸಾರು) ಆಗುತ್ತದಾ ಅಥವಾ ಹುರಿಯಲಿಕ್ಕಾ?

ಬೆಂಗ್ರೆ ಹುಡುಗ (ಮೇ 17)

ಮಾಷ್ಟ್ರೇ, ಅಕ್ಕನ ಪ್ರಶ್ನೆಯೇ ಮುಖ್ಯ. ಬಾಕಿಯದ್ದೆಲ್ಲ ಸಿಲೆಬಸ್ಸಿನ ಹೊರಗೆ 😄

ಕುಲಶೇಖರದವ (ಮೇ 18)

ಮಾಷ್ಟ್ರೇ, ನಾನು ಒಂಬತ್ತು ವರ್ಷ ಹ್ಯಾರಿಸ್‌ಬರ್ಗಿನ ಆಚೆ ದಡದಲ್ಲಿದ್ದೆ. ಕೋವಿಡ್ ಮುಗಿದ ಮೇಲೆ ಊರಿಗೆ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ. ಈ ಮೀನಿನ ಬಗ್ಗೆ ಮಂಗಳೂರಿನಲ್ಲಿ ಯಾರೂ ನನ್ನನ್ನು ಕೇಳುವುದೇ ಇಲ್ಲ.

ನಾನು ಮೊದಲ ಬೇಸಿಗೆಯಲ್ಲಿ ಮಾಡಿದ ತಪ್ಪನ್ನೇ ನೀವೂ ಮಾಡಲಿಕ್ಕೆ ಹೊರಟಿದ್ದೀರಿ. ನಾನು ನೇತ್ರಾವತಿಯಲ್ಲಿ ಕಲಿತವ. ನದಿ ಕಂಡ ಕೂಡಲೇ ಆಳದ ಗುಂಡಿ ಹುಡುಕಿದೆ. ಅಂಗಡಿಯಿಂದ ಸಿಗಡಿ ತಂದು, ಸೀಸ ಕಟ್ಟಿ, ತಳಕ್ಕೆ ಬಿಟ್ಟು, ಮಡಚುವ ಕುರ್ಚಿಯಲ್ಲಿ ಕೂತೆ. ಜೂನ್ ಹೋಯಿತು, ಜುಲೈ ಹೋಯಿತು. ಸಿಕ್ಕಿದ್ದೆಲ್ಲ ಕ್ಯಾಟ್‌ಫಿಶ್, ನಮ್ಮ ಮುಗುಡಿನ ಹಾಗೆ ಮೀಸೆಯದ್ದು. ಒಂದು ದಿನ ಎದುರಿಗೆ ಒಬ್ಬ ಮುದುಕ ಮೊಣಕಾಲು ನೀರಿನಲ್ಲಿ ನಿಂತು ಒಂದರ ಹಿಂದೆ ಒಂದು ಹಿಡಿಯುತ್ತಿದ್ದ, ಹಿಡಿದದ್ದನ್ನೆಲ್ಲ ಬಿಡುತ್ತಿದ್ದ. ನನಗೆ ಹೊಟ್ಟೆಯೊಳಗೆ ಬೆಂಕಿ. ಹೋಗಿ ಮಾತಾಡಿಸಿದೆ. ಅವ ಹೆಚ್ಚು ಮಾತಾಡಲಿಲ್ಲ. ನನ್ನ ಕೋಲು ತೆಗೆದುಕೊಂಡು, ಸೀಸ ಕತ್ತರಿಸಿ ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ ನದಿಯ ನಡುವೆ ಒಂದು ಕಲ್ಲು ತೋರಿಸಿದ.

ವಿಷಯ ಇರುವುದು ಆ ಕಲ್ಲಿನ ಹಿಂದೆ. ನೀರು ಕಲ್ಲಿಗೆ ಹೊಡೆದು ಎರಡಾಗಿ ಸೀಳುತ್ತದೆ, ಹಿಂಬದಿಯಲ್ಲಿ ಒಂದು ತುಂಡು ನೀರು ಸುಮ್ನೆ ನಿಂತಿರುತ್ತದೆ. ಓಡುವ ನೀರೂ ನಿಂತ ನೀರೂ ತಾಗುವಲ್ಲಿ ಒಂದು ಗೆರೆ ಕಾಣುತ್ತದೆ, ನೊರೆ ಅದರ ಮೇಲೆ ಸಾಲಾಗಿ ಹೋಗುತ್ತದೆ. ಮೀನು ನಿಂತ ನೀರಿನಲ್ಲಿ ಆರಾಮವಾಗಿದ್ದು, ಮೂಗು ಮಾತ್ರ ಗೆರೆಯ ಕಡೆಗೆ ಇಟ್ಟಿರುತ್ತದೆ. ಈಜುವ ಕಷ್ಟ ಇಲ್ಲ, ಊಟ ಹೊಳೆಯೇ ತಂದುಕೊಡುತ್ತದೆ. ಕೆಂಬೇರಿ ಸೇತುವೆ ಕಂಬದ ಮರೆಯಲ್ಲಿ ನಿಲ್ಲುವುದೂ ಇದಕ್ಕೇ ಅಲ್ವಾ? ನಿಮಗೆ ಗೊತ್ತಿರುವ ವಿಷಯವೇ. ಕಂಬದ ಜಾಗದಲ್ಲಿ ಕಲ್ಲು ಇಟ್ಟುಕೊಳ್ಳಿ.

ಆದರೆ ಒಂದು ದೊಡ್ಡ ವ್ಯತ್ಯಾಸ. ಅಲ್ಲಿ ಭರತವೂ ಇಲ್ಲ, ಇಳಿತವೂ ಇಲ್ಲ. ಸಮುದ್ರ ಬಹಳ ಕೆಳಗೆ, ಚೆಸಪೀಕ್ ಕೊಲ್ಲಿಯ ಹತ್ತಿರ. ಹ್ಯಾರಿಸ್‌ಬರ್ಗಿನಲ್ಲಿ ನೀರು ಹಗಲೂ ರಾತ್ರಿಯೂ ಒಂದೇ ದಿಕ್ಕಿಗೆ ಹೋಗುತ್ತದೆ. ನಮಗೆ ಈ ಕಡೆ ಹುಟ್ಟಿದಂದಿನಿಂದ ನೀರು ತಿರುಗುವುದೇ ಗಡಿಯಾರ. ಅಲ್ಲಿ ಆ ಗಡಿಯಾರ ಕೈಯಿಂದ ಬಿಚ್ಚಿಟ್ಟ ಹಾಗೆ. ನನಗೆ ಎರಡು ವರ್ಷ ಬೇಕಾಯಿತು ಮಾರಾಯ್ರೆ, ‘ಇನ್ನು ಸ್ವಲ್ಪ ಹೊತ್ತಿಗೆ ನೀರು ತಿರುಗುತ್ತದೆ, ಆಗ ಕಚ್ಚುತ್ತದೆ’ ಎಂದು ಕಾಯುವುದನ್ನು ಬಿಡಲು. ತಿರುಗುವುದಿಲ್ಲ. ನೀವೇ ನಡೆಯಬೇಕು. ಒಂದು ಕಲ್ಲಿಗೆ ಐದಾರು ಸಲ ಎಸೆಯಿರಿ, ಇಲ್ಲದಿದ್ದರೆ ಮುಂದಿನ ಕಲ್ಲು. ಕುರ್ಚಿ ಮನೆಯಲ್ಲಿಟ್ಟು ಹೋಗಿ.

ಹಾಗಾದರೆ ಹೊತ್ತು ಹೇಗೆ ನೋಡುವುದು? ಬೆಳಕು ಮತ್ತು ನೀರಿನ ಬಿಸಿ. ಮೇ ತಿಂಗಳ ಸುಮಾರಿಗೆ ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್ ಆದಾಗ ಅವು ಮೊಟ್ಟೆ ಇಡುತ್ತವೆ. ಗಂಡು ಮೀನು ಜಲ್ಲಿಕಲ್ಲಿನಲ್ಲಿ ಬಾಲದಿಂದ ಗುಂಡಿ ತೋಡಿ, ಮೊಟ್ಟೆ ಮರಿ ಎರಡನ್ನೂ ಕಾಯುತ್ತದೆ. ನೀವು ಹೋಗುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ, ಮೀನು ನದಿಯಲ್ಲೆಲ್ಲ ಚದುರಿರುತ್ತದೆ. ಜುಲೈ ಆಗಸ್ಟಿನಲ್ಲಿ ಬೆಳಿಗ್ಗೆ ಎಂಟರೊಳಗೆ, ಇಲ್ಲ ಸಂಜೆ ಸೂರ್ಯ ಇಳಿದ ಮೇಲೆ. ಮಧ್ಯಾಹ್ನ ನೀರು ಬಿಸಿಯಾದಾಗ ಕಲ್ಲಿನ ಮೇಲೆ ಬಿಳಿ ನೊರೆ ಎದ್ದು ಹಾರುವ ಜಾಗ ನೋಡಿ, ಅಲ್ಲಿ ನೀರಿಗೆ ಗಾಳಿ ಜಾಸ್ತಿ ಸೇರುತ್ತದೆ. ಮೀನೂ ಅಲ್ಲಿಗೇ ಬರುತ್ತದೆ.

ಆಗಸ್ಟಿನಲ್ಲಿ ಒಂದು ಸಂಜೆಯಾದರೂ ಕತ್ತಲಾಗುವವರೆಗೆ ನದಿಯಲ್ಲಿ ನಿಲ್ಲಿ. ಬಿಳಿ ಹುಳ ಏಳುತ್ತದೆ, ಅವರು ವೈಟ್ ಫ್ಲೈ ಎನ್ನುತ್ತಾರೆ. ನಮ್ಮಲ್ಲಿ ಮೊದಲ ಮಳೆಗೆ ಗೆದ್ದಲಿನ ರೆಕ್ಕೆ ಹುಳ ಏಳುವುದಿಲ್ವಾ, ಹಾಗೆಯೇ, ಆದರೆ ನೆಲದಿಂದಲ್ಲ, ನೀರಿನಿಂದ. ಸೇತುವೆಯ ದೀಪದ ಕೆಳಗೆ ಹಿಮ ಬಿದ್ದ ಹಾಗೆ ಕಾಣುತ್ತದೆ. ನದಿಯ ಮೇಲೆ ಎಲ್ಲಿ ನೋಡಿದರೂ ಮೀನು ಬಾಯಿ ತೆರೆದ ಉಂಗುರ. ಆ ಹೊತ್ತಿಗೆ ನಿಮ್ಮ ಗಾಳಕ್ಕೆ ಕಚ್ಚದೆಯೂ ಇರಬಹುದು, ಅವಕ್ಕೆ ಅಷ್ಟು ಊಟ. ನಾನು ಎಷ್ಟೋ ಸಲ ಕೋಲು ಕಂಕುಳಲ್ಲಿ ಇಟ್ಟು ಸುಮ್ನೆ ನೋಡಿದ್ದೇನೆ.

ಈಗ ಸಾಮಾನು. 40 ಪೌಂಡಿನ ದಾರ ಮನೆಯಲ್ಲೇ ಇರಲಿ. ಕೆಂಬೇರಿ ಕಚ್ಚಿದ ಕೂಡಲೇ ಕಂಬದ ಒಳಗೆ ನುಗ್ಗುತ್ತದೆ, ಅದನ್ನು ತಡೆಯಲು ನಮಗೆ ಹಗ್ಗದಂಥ ದಾರ ಬೇಕು. ಸ್ಮಾಲ್‌ಮೌತ್ ಮೇಲಕ್ಕೆ ಹಾರುತ್ತದೆ. ನೀರಿನಿಂದ ಎರಡು ಅಡಿ ಎದ್ದು ತಲೆ ಕೊಡವುತ್ತದೆ, ದಾರ ಸಡಿಲವಾದರೆ ಗಾಳ ಉಗಿದು ಹೋಗುತ್ತದೆ. ಆರೂವರೆ ಅಡಿಯ ಮೀಡಿಯಂ ಲೈಟ್ ಸ್ಪಿನ್ನಿಂಗ್ ರಾಡ್, 2500 ಸೈಜಿನ ರೀಲ್, 8 ಪೌಂಡಿನ ದಾರ ಸಾಕು. ಅಲ್ಲೇ ತೆಗೆದುಕೊಳ್ಳಿ.

ಸಿಗಡಿ ಬೇಡ. ಆ ನದಿಯ ಸಿಗಡಿ ಅಂದರೆ ಕ್ರೇಫಿಶ್. ಸಿಗಡಿಗೆ ಏಡಿಯ ಕೈ ಅಂಟಿಸಿದ ಹಾಗಿರುತ್ತದೆ, ಕಲ್ಲಿನಡಿಯಲ್ಲಿ ವಾಸ, ಹೆದರಿದರೆ ಹಿಂದಕ್ಕೆ ಚಿಮ್ಮುತ್ತದೆ. ಬಾಸಿಗೆ ಅದೆಂದರೆ ಪ್ರಾಣ. ಅದನ್ನು ಹೋಲುವ ರಬ್ಬರಿನ ಟ್ಯೂಬ್ ಅಂಗಡಿಯಲ್ಲಿ ಸಿಗುತ್ತದೆ. ಮೂರು ಇಂಚಿನ ಟೊಳ್ಳು ಕೊಳವೆ, ತುದಿಯಲ್ಲಿ ಎಳೆ ಎಳೆ. ಕಂದು ಹಸಿರಿನದ್ದು ತೆಗೆದುಕೊಳ್ಳಿ. ಮೂರೂವರೆ ಗ್ರಾಮಿನ ಸೀಸದ ತಲೆಯಿರುವ ಗಾಳ ಒಳಗೆ ತೂರಿಸಿ, ಕಲ್ಲಿನ ಮೇಲ್ಗಡೆಗೆ ಎಸೆದು, ನೀರಿನ ಜೊತೆ ಉರುಳಿ ಬರಲು ಬಿಡಿ. ನೀವು ಎಳೆಯಬೇಡಿ. ತಳಕ್ಕೆ ಟಕ್ ಟಕ್ ಎಂದು ತಾಗುತ್ತಾ ಬರಬೇಕು. ಕಚ್ಚುವುದು ಜೋರಾಗಿ ಗೊತ್ತಾಗುವುದಿಲ್ಲ, ಟಕ್ ಟಕ್ ನಿಂತುಹೋಗುತ್ತದೆ, ಅಷ್ಟೇ. ಇಲ್ಲದಿದ್ದರೆ ದಾರ ಸುಮ್ನೆ ಬದಿಗೆ ಜರುಗುತ್ತದೆ. ಆಗ ಎತ್ತಿ. ಟ್ಯೂಬುಗಳು ಕಲ್ಲಿನ ಸಂದಿಗೆ ಸಿಕ್ಕಿ ಹೋಗುತ್ತಲೇ ಇರುತ್ತವೆ, ಲೆಕ್ಕ ಇಡಬೇಡಿ. ಲೆಕ್ಕದ ಮಾಷ್ಟ್ರಿಗೆ ಹೀಗೆ ಹೇಳುವುದು ಕಷ್ಟವೇ!

ಬೆಳಗಿನ ಹೊತ್ತು ನೀರು ಕನ್ನಡಿಯ ಹಾಗಿದ್ದರೆ ಪಾಪ್ಪರ್ ಎಸೆಯಿರಿ, ಮೇಲೆ ತೇಲುತ್ತಾ ಬಳಕ್ ಎನ್ನುವಂಥದ್ದು. ಎಸೆದು, ಉಂಗುರ ಮಾಯುವವರೆಗೆ ಅಲುಗಾಡಿಸಬೇಡಿ. ಕಷ್ಟ ಇರುವುದು ಅಲ್ಲಿಯೇ.

ಮೀನು ಗುರುತಿಸುವುದು ಸುಲಭ. ಕಂಚಿನ ಬಣ್ಣ, ಮೈಮೇಲೆ ಮೇಲಿಂದ ಕೆಳಗೆ ಪಟ್ಟಿ, ಕೆಲವಕ್ಕೆ ಕೆಂಪು ಕಣ್ಣು. ಬಾಯಿಯ ಮೂಲೆ ಕಣ್ಣಿನಿಂದ ಹಿಂದಕ್ಕೆ ದಾಟುವುದಿಲ್ಲ. ದಾಟಿದರೆ ಅದು ಅದರ ಅಣ್ಣ, ಲಾರ್ಜ್‌ಮೌತ್. ದೊಡ್ಡ ಮೀನಿನ ಕನಸು ಬೇಡ. ಗೇಣಿನದ್ದು ಬೇಕಾದಷ್ಟು ಸಿಗುತ್ತದೆ. ಒಂದು ಮೊಳದ್ದು ಸಿಕ್ಕಿದರೆ ಮಗನಿಗೆ ಫೋನ್ ಮಾಡಿ ಕರೆಸಿ. ನಿಧಾನ ಬೆಳೆಯುವ ಜಾತಿ, ಮೊಳದ ಮೀನಿಗೆ ಹತ್ತು ವರ್ಷದ ಮೇಲಾಗಿರಬಹುದು.

ಇನ್ನೊಂದು ತಮಾಷೆ. ಇಷ್ಟು ಹೆಸರು ಮಾಡಿದ ಈ ಮೀನು ಆ ನದಿಯದ್ದೇ ಅಲ್ಲ! ಅದರ ಮೂಲ ಮಿಸಿಸಿಪ್ಪಿ ಮತ್ತು ಗ್ರೇಟ್ ಲೇಕ್ಸ್ ಕಡೆ. ಪಕ್ಕದ ಪೊಟೊಮ್ಯಾಕ್ ನದಿಗೆ ಅದು 1854ರಲ್ಲಿ ಬಂದದ್ದು ರೈಲಿನಲ್ಲಿ, ಉಗಿಬಂಡಿಯ ನೀರಿನ ತೊಟ್ಟಿಯೊಳಗೆ. ಸಸ್ಕ್ವೆಹಾನಾಕ್ಕೂ 19ನೇ ಶತಮಾನದಲ್ಲೇ ತಂದು ಬಿಟ್ಟರು. ನಮ್ಮಲ್ಲಿ 1952ರಲ್ಲಿ ತಿಲಾಪಿಯಾ ಬಂದ ಹಾಗೆ. ಆದರೆ ತಿಲಾಪಿಯಾಕ್ಕೆ ನಾವು ಬೈಯುತ್ತೇವೆ, ಇದಕ್ಕೆ ಅವರು ಮುದ್ದು ಮಾಡುತ್ತಾರೆ.

ಲೈಸೆನ್ಸ್ ಕಡ್ಡಾಯ. ಹದಿನಾರು ವರ್ಷ ಆದ ಎಲ್ಲರಿಗೂ, ಹಿಡಿದು ಬಿಡುವುದಾದರೂ. ಪೆನ್ಸಿಲ್ವೇನಿಯಾ ಫಿಶ್ ಅಂಡ್ ಬೋಟ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಮಗನೇ ತೆಗೆದುಕೊಡಬಹುದು. ಪ್ರವಾಸಿಗಳಿಗೆ ಒಂದು, ಮೂರು, ಏಳು ದಿನದ್ದು ಉಂಟು. ನಿಮಗೆ ಮೂರು ತಿಂಗಳಲ್ವಾ, ವರ್ಷದ್ದೇ ಲಾಭ. ಹಿರಿಯರಿಗೆ ಕಡಿಮೆ ದರದ್ದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ, ಅದನ್ನು ತಪ್ಪಿ ತೆಗೆಯಬೇಡಿ.

ಕೊನೆಗೆ ಅಕ್ಕನ ಪ್ರಶ್ನೆ. ಗಸಿ ಇಲ್ಲ. 2005ರಲ್ಲಿ ಆ ನದಿಯಲ್ಲಿ ಮರಿ ಮೀನುಗಳು ಮೈಮೇಲೆ ಹುಣ್ಣಾಗಿ ರಾಶಿ ರಾಶಿ ಸತ್ತವು. ಅದರ ನಂತರ ದೊಡ್ಡ ಮೀನೂ ಕಡಿಮೆಯಾಯಿತು. ಅದಾಗಿ ಕೆಲವು ವರ್ಷಕ್ಕೆ ಹ್ಯಾರಿಸ್‌ಬರ್ಗ್ ಭಾಗದಲ್ಲಿ ಬಾಸ್ ಹಿಡಿದರೆ ಅಲ್ಲೇ ಬಿಡಬೇಕು ಎಂಬ ನಿಯಮ ಬಂತು. ನಾನಿರುವವರೆಗೂ ಹಾಗೆಯೇ ಇತ್ತು. ಹೋಗುವ ಮೊದಲು ಆ ವರ್ಷದ ನಿಯಮದ ಪುಸ್ತಕ ಓದಿ.

ಮಲ್ಪೆ ತೊಟ್ಟಂ (ಮೇ 18)

ನನ್ನದು ಮೀನುಗಾರರ ಮನೆ. ಓದಿ ನಗು ಬಂತು, ಸಿಟ್ಟೂ ಬಂತು. ತಿನ್ನಲಿಕ್ಕಿಲ್ಲದಿದ್ದರೆ ಹಿಡಿಯುವುದು ಯಾಕೆ? ಮೀನಿನ ಬಾಯಿಗೆ ಗಾಳ ಸಿಕ್ಕಿಸಿ, ಫೋಟೋ ತೆಗೆದು, ‘ಹೋಗು ಮಗಾ’ ಎಂದು ಬಿಡುವುದು ದೊಡ್ಡ ದಯೆಯಾ? ನಮ್ಮಲ್ಲಿಯೂ ಮೀನಿಗೆ ಬಿಡುವು ಕೊಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಬೋಟು ಕಟ್ಟಿಡುತ್ತೇವೆ. ಆ ದಿನಗಳಲ್ಲಿ ಆಡಲಿಕ್ಕೆ ಅಂತ ಹೋಗಿ ಹಿಡಿದು ಬಿಡುವುದಿಲ್ಲ. ಹೇಳಬೇಕೆನಿಸಿತು, ಹೇಳಿದೆ. ಮಾಷ್ಟ್ರಿಗೆ ಬೇಸರ ಆಗದಿರಲಿ.

ಕುಲಶೇಖರದವ (ಮೇ 18)

ಅಕ್ಕ, ನಿಮ್ಮ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನನ್ನ ಅಮ್ಮನೂ ಇದನ್ನೇ ಕೇಳಿದ್ದರು, ಇದಕ್ಕಿಂತ ಖಾರವಾಗಿ. ಆಡಲಿಕ್ಕೇ ಹೋಗುವುದು, ಸುಳ್ಳು ಹೇಳುವುದಿಲ್ಲ. ಆದರೆ ಬಿಡುವುದೇ ಆದರೆ ಸರಿಯಾಗಿ ಬಿಡಬೇಕು. ನಾನು ಇಕ್ಕಳದಿಂದ ಗಾಳದ ಮುಳ್ಳು ಒತ್ತಿ ಚಪ್ಪಟೆ ಮಾಡುತ್ತಿದ್ದೆ, ಆಗ ಬಿಡಿಸುವಾಗ ಬಾಯಿ ಹರಿಯುವುದಿಲ್ಲ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣ ಕೈ ತಾಗಿದರೆ ಮೈಯ ಲೋಳೆ ಹೋಗುತ್ತದೆ. ಕೆಳದವಡೆ ಹಿಡಿದು ನೀರಿನೊಳಗೇ ಬಿಡಿಸಬೇಕು. ನೀರು ತುಂಬ ಬಿಸಿಯಾದ ಮಧ್ಯಾಹ್ನ ಹಿಡಿಯುವುದನ್ನೇ ನಿಲ್ಲಿಸಬೇಕು, ಬಿಟ್ಟ ಮೀನು ಆಮೇಲೆ ಸಾಯುತ್ತದೆ. ಮೊಟ್ಟೆ ಕಾಯುವ ಗಂಡನ್ನು ಎಬ್ಬಿಸಿದರೆ ಎರಡು ನಿಮಿಷದಲ್ಲಿ ಬೇರೆ ಮೀನು ಬಂದು ಗೂಡು ಖಾಲಿ ಮಾಡುತ್ತದೆ, ಆದ್ದರಿಂದ ಮೇ ತಿಂಗಳಲ್ಲಿ ನಾನು ಹೋಗುತ್ತಿರಲಿಲ್ಲ.

ಶೆನಾಂಡೋವಾ ಶೆಟ್ಟಿ (ಮೇ 19)

ವರ್ಜೀನಿಯಾದಿಂದ. ನಾನು ಇಲ್ಲಿ ಇದೇ ಮೀನಿನ ಹಿಂದೆ ಇದ್ದೇನೆ. ಮೇಲಿನವರು ಮೀನಿನ ಬಗ್ಗೆ ಎಲ್ಲ ಹೇಳಿದರು, ಕಾಲಿನ ಬಗ್ಗೆ ಹೇಳಲಿಲ್ಲ!

ಮಾಷ್ಟ್ರೇ, ಆ ನದಿ ಕಿಲೋಮೀಟರಿಗೂ ಜಾಸ್ತಿ ಅಗಲ, ಬೇಸಿಗೆಯಲ್ಲಿ ಎಷ್ಟೋ ಕಡೆ ಸೊಂಟದವರೆಗೂ ನೀರಿಲ್ಲ. ನಡುವೆ ನಮ್ಮ ಹಾಗೆಯೇ ಕುದ್ರುಗಳು. ನೋಡಿದರೆ ನಡೆದು ದಾಟಬಹುದು ಅನಿಸುತ್ತದೆ. ಆದರೆ ತಳದ ಕಲ್ಲಿಗೆ ಪಾಚಿ, ನಮ್ಮ ಹಳೇ ಬಾವಿಕಟ್ಟೆಯ ಹಾಗೆ. ಹವಾಯಿ ಚಪ್ಪಲಿಯಲ್ಲಿ ಇಳಿಯಬೇಡಿ. ನದಿಗೆಂದೇ ಮಾಡಿದ ಹಿಡಿತದ ಬೂಟು ತೆಗೆದುಕೊಳ್ಳಿ, ಕೈಯಲ್ಲಿ ಒಂದು ಊರುಗೋಲು ಇರಲಿ, ಲೈಫ್ ಜಾಕೆಟ್ ಹಾಕಿ. ಹ್ಯಾರಿಸ್‌ಬರ್ಗಿನಲ್ಲಿ ನೀರಿನ ಮಟ್ಟ ಎಷ್ಟು ಅಡಿ ಎಂದು ಸರ್ಕಾರದ ಮಾಪಕ ಇಂಟರ್ನೆಟ್ಟಿನಲ್ಲಿ ತೋರಿಸುತ್ತದೆ. 17 ಅಡಿ ಆದರೆ ನೆರೆ. ನಾನು ನಾಲ್ಕು ಅಡಿಯ ಮೇಲಿದ್ದರೆ ಕಾಲೇ ಇಡುವುದಿಲ್ಲ. ಇಲ್ಲಿ ಬಿಸಿಲಿದ್ದರೂ ಮೇಲೆ ಎಲ್ಲೋ ಮಳೆ ಬಿದ್ದಿರುತ್ತದೆ, ಘಟ್ಟದ ಮಳೆಗೆ ನಮ್ಮ ಹೊಳೆ ಕೆಂಪಾಗುವ ಹಾಗೆ.

ಪಟ್ಟಣದ ಕೆಳಗೆ ಡಾಕ್ ಸ್ಟ್ರೀಟ್ ಎಂಬ ಗಿಡ್ಡ ಅಣೆಕಟ್ಟು ಉಂಟು. ನೋಡಲು ನಮ್ಮ ಕಿಂಡಿ ಅಣೆಕಟ್ಟಿಗಿಂತಲೂ ಸಾಧು. ನೀರು ಮೇಲಿಂದ ಬಿದ್ದು ಕೆಳಗೆ ಹಿಂದಕ್ಕೆ ಸುತ್ತುತ್ತದೆ, ಸಿಕ್ಕಿದವನನ್ನು ಬಿಡುವುದಿಲ್ಲ. ಬಹಳ ಜನ ಸತ್ತಿದ್ದಾರೆ. ಅದರ ಮೇಲೂ ಕೆಳಗೂ ಹತ್ತಿರ ಹೋಗಬೇಡಿ. ಪಟ್ಟಣದ ಮೇಲ್ಗಡೆ ರಾಕ್‌ವಿಲ್ ಎಂಬ ಕಲ್ಲಿನ ರೈಲು ಸೇತುವೆ ಉಂಟು, 1902ರದ್ದು, 48 ಕಮಾನು. ಅದರ ಸುತ್ತ ಕಲ್ಲಿನ ಸಾಲುಗಳು ಒಳ್ಳೆಯದಿವೆ. ಕಮಾನು ಎಣಿಸಿ ನೋಡಿ, ಲೆಕ್ಕದ ಮಾಷ್ಟ್ರಿಗೆ ಹೊತ್ತು ಹೋಗುತ್ತದೆ.

ಕುದ್ರುವಿನಲ್ಲಿ ಮೂರು ಮೂರು ಎಲೆಯ ಬಳ್ಳಿ ಕಂಡರೆ ದೂರ. ಪಾಯ್ಸನ್ ಐವಿ. ನಮ್ಮ ಚೇರೆ ಮರದ ಸೊನೆ ತಾಗಿದ ಹಾಗೆಯೇ ಬೊಬ್ಬೆ ಬರುತ್ತದೆ. ಎರಡೂ ಗೇರು, ಮಾವಿನ ಕುಟುಂಬದವೇ.

ಕಲ್ಯಾಣಪುರ ಮಾಷ್ಟ್ರು (ಮೇ 19)

ಎಲ್ಲರಿಗೂ ಉಪಕಾರ ಆಯಿತು. ಕುರ್ಚಿ ಬಿಡುವುದೇ ಕಷ್ಟ, ಮೊಣಕಾಲು ಮೊದಲಿನ ಹಾಗಿಲ್ಲ. ಮಲ್ಪೆಯ ತಂಗಿ ಹೇಳಿದ್ದರಲ್ಲಿ ಬೇಸರ ಎಂತದ್ದು? ಮನೆಯಲ್ಲಿ ಓದಿ ಹೇಳಿದೆ, ಹೆಂಡತಿ ನಿಮ್ಮ ಪಕ್ಷ.

ಕಲ್ಯಾಣಪುರ ಮಾಷ್ಟ್ರು (ಆಗಸ್ಟ್ 20)

ಹ್ಯಾರಿಸ್‌ಬರ್ಗಿನಿಂದ. ವರದಿ ಒಪ್ಪಿಸಬೇಕಲ್ವಾ.

ಮೊದಲ ಹತ್ತು ದಿನ ಸೊನ್ನೆ. ಟ್ಯೂಬ್ ತಳಕ್ಕೆ ತಾಗಿದ್ದು ಯಾವುದು, ಮೀನು ಕಚ್ಚಿದ್ದು ಯಾವುದು ಗೊತ್ತೇ ಆಗಲಿಲ್ಲ. ಪ್ರತಿ ಕಲ್ಲಿಗೂ ಗಾಳ ಎತ್ತಿ ಎತ್ತಿ ತೋಳು ನೋವು. ಕುಲಶೇಖರದವರೇ, ನೀವು ಹೇಳಿದ ಹಾಗೆ ನಾನೂ ಎರಡು ಸಲ ನೀರು ತಿರುಗಲಿ ಎಂದು ಕಾದೆ! ಗೊತ್ತಿದ್ದೂ ಕಾದೆ. ಹನ್ನೊಂದನೇ ದಿನ ಬೆಳಿಗ್ಗೆ ಒಂದು ಕಲ್ಲಿನ ಹಿಂದೆ ಟಕ್ ಟಕ್ ನಿಂತಿತು. ಎತ್ತಿದೆ. ನದಿಯೇ ಬಿರಿದ ಹಾಗೆ ಅದು ಮೇಲೆ ಬಂತು, ತಲೆ ಕೊಡವಿತು, ಹೋಯಿತು. ನಾನು ಅಲ್ಲಿಯೇ ತುಳುವಿನಲ್ಲಿ ಒಂದು ಮಾತು ಹೇಳಿದೆ. ಪುಣ್ಯಕ್ಕೆ ಮೊಮ್ಮಗನಿಗೆ ತುಳು ಬರುವುದಿಲ್ಲ.

ಇವತ್ತಿಗೆ ಒಟ್ಟು 23 ಮೀನು, ಹೋದ ಟ್ಯೂಬು 41. ಲೆಕ್ಕ ಇಡಬೇಡಿ ಎಂದಿದ್ದಿರಿ, ಇಟ್ಟಿದ್ದೇನೆ. ದೊಡ್ಡದು ಒಂದು ಗೇಣು ನಾಲ್ಕು ಬೆರಳು. ಎಲ್ಲವನ್ನೂ ನೀರಿನೊಳಗೇ ಬಿಡಿಸಿದೆ. ಮೊದಲನೆಯದನ್ನು ಬಿಡುವಾಗ ಕೈ ಬರಲಿಲ್ಲ, ನಿಜ ಹೇಳುತ್ತೇನೆ. ಹೆಂಡತಿ ದಡದಲ್ಲಿ ನಿಂತು ‘ಇದಕ್ಕಾ ಇಷ್ಟು ದೂರ ಬಂದದ್ದು’ ಎಂದಳು. ಸಂಜೆ ಮಗ ಇಂಡಿಯನ್ ಅಂಗಡಿಯಿಂದ ಫ್ರೀಜ್ ಮಾಡಿದ ಬಂಗುಡೆ ತಂದ, ಹಾಗಾಗಿ ಮನೆಯಲ್ಲಿ ಶಾಂತಿ.

ಬಿಳಿ ಹುಳ ಹೋದ ವಾರ ಎದ್ದಿತು. ಟೋಪಿ, ಕನ್ನಡಕ, ಮೀಸೆ ಎಲ್ಲ ಹುಳ. ಗಾಳಕ್ಕೆ ಒಂದೂ ಕಚ್ಚಲಿಲ್ಲ. ಮೊಮ್ಮಗ ಎಷ್ಟು ಕರೆದರೂ ಮನೆಗೆ ಬರಲು ಒಪ್ಪಲಿಲ್ಲ.

ಈಗ ಒಂದು ಪ್ರಶ್ನೆ. ಸೆಪ್ಟೆಂಬರಿನಲ್ಲಿ ಬರುವಾಗ ಈ ರಾಡ್ ಊರಿಗೆ ತರುತ್ತೇನೆ. ಸ್ವರ್ಣಾದಲ್ಲಿ ಕೆಂಬೇರಿಗೆ ಸಾಕಾಗುತ್ತದಾ?

ಕುಲಶೇಖರದವ (ಆಗಸ್ಟ್ 20)

ಕೆಂಬೇರಿ ಅದನ್ನು ಹಲ್ಲುಕಡ್ಡಿ ಮಾಡಿಕೊಳ್ಳುತ್ತದೆ ಮಾಷ್ಟ್ರೇ. ಆದರೂ ತನ್ನಿ, ಕಾಣೆಗೆ ಚಂದ ಆಗುತ್ತದೆ. ಉಳಿದ ಟ್ಯೂಬು ಎಷ್ಟುಂಟು? ಗುರುಪುರ ಹೊಳೆಯಲ್ಲಿ ಒಮ್ಮೆ ಎಸೆದು ನೋಡಬೇಕು.

ಬೆಂಗ್ರೆ ಹುಡುಗ (ಆಗಸ್ಟ್ 20)

ನಾನೂ ಬರುತ್ತೇನೆ. ಸಿಕ್ಕಿದ್ದನ್ನು ಮಾತ್ರ ಬಿಡುವುದಿಲ್ಲ, ಈಗಲೇ ಹೇಳಿದ್ದೇನೆ.